ಅಜ್ಜಿಯ ಮೂಳೆ ನನ್ನ ಮೊಬೈಲಿನಲ್ಲಿ

ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಫಿಲ್ಮ್ ಇಲ್ಲವಂತೆ. ರೋಗಿಗಳೇ ಕಂಪ್ಯೂಟರ್ ಪರದೆಯ ಫೋಟೊ ಹೊಡೆದುಕೊಂಡು ಡಾಕ್ಟರಿಗೆ ತೋರಿಸಬೇಕಂತೆ. ಈ ಸುದ್ದಿ ಆಗಾಗ ಬೇರೆ ಬೇರೆ ಊರಿನ ಹೆಸರು ಹೊತ್ತು ಬರುತ್ತಲೇ ಇರುತ್ತದೆ. ನೀವೂ ಓದಿರುತ್ತೀರಿ, ಓದಿ ಕಾಫಿ ಮುಗಿಸಿರುತ್ತೀರಿ. ಕಳೆದ ತಿಂಗಳು ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗುವವರೆಗೆ ನಾನೂ ಅಷ್ಟೇ ಮಾಡುತ್ತಿದ್ದೆ.

‘ಕ್ಷ-ಕಿರಣ ವಿಭಾಗ’ ಅಂತ ಬೋರ್ಡು. ಅದರ ಕೆಳಗೆ ಬೆಂಚು. ಪಕ್ಕದಲ್ಲಿ ಒಬ್ಬ ಅಜ್ಜಿ, ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡವರು. ಅವರು ಒಳಗೆ ಹೋಗಿ ಬಂದರು. ಹಿಂದೆಯೇ ಟೆಕ್ನೀಷಿಯನ್ ಬಂದ.

“ಅಜ್ಜಿ, ಮೊಬೈಲ್ ಕೊಡಿ, ಫೋಟೊ ಹಿಡಿದುಕೊಡ್ತೀನಿ.”

ಅಜ್ಜಿ ಎಡಗೈಯಲ್ಲೇ ಸೊಂಟದ ಚೀಲದಿಂದ ತೆಗೆದುಕೊಟ್ಟರು. ಬಟನ್ ಫೋನು. ರಬ್ಬರ್ ಬ್ಯಾಂಡ್ ಸುತ್ತಿದ್ದು.

“ಇದರಲ್ಲಿ ಮೂಳೆ ಬರಲ್ಲ ಅಜ್ಜಿ.”

“ಅಯ್ಯೋ, ಮಗನ ಫೋನು ಬರ್ತದಲ್ಲಪ್ಪ!”

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ನೋಡಿದರು. ಕೊಟ್ಟೆ. ಹೀಗೆ ಅಜ್ಜಿಯ ಮಣಿಕಟ್ಟು ನನ್ನ ಮೊಬೈಲಿಗೆ ಬಂತು. ಈ ಕಡೆ ತಂಗಿ ಮಗಳ ಮದುವೆ ಊಟ, ಆ ಕಡೆ ಯಾರೋ ಕಳಿಸಿದ ಶುಭೋದಯದ ಗುಲಾಬಿ, ನಡುವೆ ಮೂಳೆ.

ಮೂಳೆ ನನ್ನ ಹತ್ತಿರ ಇದ್ದ ಮೇಲೆ ಅಜ್ಜಿಯನ್ನು ಬಿಟ್ಟು ಹೋಗುವುದು ಹೇಗೆ? ಡಾಕ್ಟರ ಬಾಗಿಲಲ್ಲಿ ಇಬ್ಬರೂ ಮುಕ್ಕಾಲು ಗಂಟೆ ನಿಂತೆವು. ಅವರು ಎರಡು ಬೆರಳಲ್ಲಿ ಅಜ್ಜಿಯ ಕೈ ಹಿಗ್ಗಿಸಿದರು. ಪರದೆಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಸೇರಿಕೊಂಡಿತ್ತು. ಮೂಳೆಗೆ ಆಗಲೇ ಯಾರೋ ರಾಡು ಹಾಕಿದ ಹಾಗೆ. “ಇಲ್ಲೊಂದು ಗೆರೆ ಇದೆಯಲ್ಲ...” ಅನ್ನುವಷ್ಟರಲ್ಲಿ ಫೋನ್ ರಿಂಗಾಯಿತು. ಮೂಳೆ ಮಾಯ. ಡಾಕ್ಟರು ಗಾಬರಿಯಲ್ಲಿ ಎತ್ತಿಬಿಟ್ಟರು. ಆ ಕಡೆಯಿಂದ, “ಸರ್, ಪರ್ಸನಲ್ ಲೋನ್ ಬೇಕಾ?”

ಒಂದು ಹಳೆಯ ಕಥೆ ನೆನಪಾಯಿತು. 1895ರ ಡಿಸೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್‌ಜನ್ ಎಂಬ ಮೇಷ್ಟ್ರು ತನ್ನ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದ. ಬೆರಳಿನ ಮೂಳೆ, ಅದರ ಮೇಲೆ ಉಂಗುರ, ಎಲ್ಲವೂ ಚಿತ್ರದಲ್ಲಿ ಬಂತು. ಹೊಸ ವರ್ಷದ ದಿನ ಅದರ ಪ್ರತಿಗಳನ್ನು ಸ್ನೇಹಿತರಿಗೆ ಅಂಚೆಯಲ್ಲೂ ಕಳಿಸಿದ. ಗಮನಿಸಿ, ಆಯಮ್ಮನಿಗೆ ಪ್ರಿಂಟ್ ಸಿಕ್ಕಿತ್ತು. ‘ನಿನ್ನ ಮೊಬೈಲ್ ಕೊಡು’ ಅಂತ ಯಾರೂ ಕೇಳಲಿಲ್ಲ. ಆತ ಪೇಟೆಂಟ್ ಕೂಡ ಬೇಡ ಅಂದ. ಪಾಪ, ಟೆಂಡರ್, ಇಂಡೆಂಟ್, ಸಪ್ಲೈ ಇವು ಯಾವುವೂ ಗೊತ್ತಿಲ್ಲದ ಕಾಲ. ಅದಕ್ಕೇ ಕೆಲಸ ಬೇಗ ಆಗಿರಬೇಕು.

ಫಿಲ್ಮ್ ಇಲ್ಲದಿರುವುದನ್ನು ‘ಡಿಜಿಟಲ್’ ಅನ್ನುತ್ತಾರೆ ಈಗ. ನಿಜವಾದ ಡಿಜಿಟಲ್ ಅಂದರೆ ಚಿತ್ರ ತಂತಿಯಲ್ಲಿ ನೇರ ಡಾಕ್ಟರ ಕಂಪ್ಯೂಟರಿಗೆ ಹೋಗಬೇಕು. ನಮ್ಮಲ್ಲಿ ಆ ತಂತಿ ನಾನೇ.

ಎಕ್ಸ್‌ರೇ ಪಕ್ಕದ ಕೋಣೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇದೆ. ಅದಕ್ಕೆ ಹೊದಿಕೆ ಉಂಟು, ಆಯುಧಪೂಜೆಯ ಕುಂಕುಮ ಉಂಟು, ಉದ್ಘಾಟಿಸಿದವರ ಹೆಸರಿನ ಕಲ್ಲೂ ಉಂಟು. ಸ್ಕ್ಯಾನ್ ಮಾಡಿ ನೋಡುವ ಡಾಕ್ಟರು, ಅಂದರೆ ರೇಡಿಯಾಲಜಿಸ್ಟ್ ಮಾತ್ರ ಇಲ್ಲ. ಮಂಗಳವಾರ ಬೇರೆ ಊರಿಂದ ಬರುತ್ತಾರೆ. ಮಂಗಳವಾರ ಸರ್ಕಾರಿ ರಜೆ ಬಂದರೆ ಮುಂದಿನ ಮಂಗಳವಾರ. ಬಸುರಿಗೆ ಐದನೇ ತಿಂಗಳ ಸ್ಕ್ಯಾನ್ ಹದಿನೆಂಟು, ಇಪ್ಪತ್ತು ವಾರಕ್ಕೆ ಆಗಬೇಕು. ಹೊಟ್ಟೆಯೊಳಗಿನ ಮಗುವಿಗೆ ಈ ರಜೆಯ ಪಟ್ಟಿ ಯಾರೂ ಕಳಿಸಿಲ್ಲ. ಅದು ಸುಮ್ನೆ ಬೆಳೆಯುತ್ತಲೇ ಇರುತ್ತದೆ.

ಗೋಡೆ ಮೇಲೆ ದೊಡ್ಡ ಬೋರ್ಡು, ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’. ಇಷ್ಟು ಪ್ರಾಮಾಣಿಕ ಬೋರ್ಡು ಇಡೀ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಏನನ್ನೂ ಪತ್ತೆ ಮಾಡಲಾಗುವುದಿಲ್ಲ.

ಬೋರ್ಡು ತಮಾಷೆಯದಲ್ಲ, ಗೊತ್ತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾನೂನು ಬೇಕಿತ್ತು, ಈಗಲೂ ಬೇಕು. ಆದರೆ 2023ರಲ್ಲಿ ಮಂಡ್ಯದ ಆಲೆಮನೆ ನೆನಪಿದೆಯಲ್ಲ? ಬೆಲ್ಲ ಬೇಯಿಸುವ ಜಾಗಕ್ಕೆ ಸ್ಕ್ಯಾನಿಂಗ್ ಮೆಷಿನ್ ಬಂದಿತ್ತು. ನಡೆಸುವವರೂ ಬಂದಿದ್ದರು, ಕರೆಂಟೂ ಇತ್ತು. ಹೆಣ್ಣು ಮಗುವನ್ನು ಹುಡುಕಿ ತೆಗೆಯುವುದಕ್ಕೆ ಈ ನಾಡಿನಲ್ಲಿ ಎಲ್ಲವೂ ಒದಗುತ್ತದೆ. ಆ ಮಗು ಚೆನ್ನಾಗಿದೆಯಾ ಅಂತ ನೋಡುವುದಕ್ಕೆ ಮಂಗಳವಾರದವರೆಗೆ ಕಾಯಬೇಕು. ಇದನ್ನು ತಮಾಷೆಯಾಗಿ ಹೇಳುವುದು ನನಗೆ ಬರುವುದಿಲ್ಲ. ಆ ದಿನ ಏಳು ತಿಂಗಳ ಬಸುರಿ ಹುಡುಗಿಯೊಬ್ಬಳು ಸ್ಕ್ಯಾನಿಂಗ್ ಕೋಣೆಯ ಬೀಗ ನೋಡಿ, ಏನೂ ಮಾತಾಡದೆ, ಎದುರಿನ ಖಾಸಗಿ ಸೆಂಟರಿಗೆ ರಸ್ತೆ ದಾಟಿದಳು. ಪರ್ಸಿನಲ್ಲಿ ದುಡ್ಡು ಎಣಿಸಿಕೊಳ್ಳುತ್ತಲೇ ದಾಟಿದಳು.

ಅಜ್ಜಿಗೆ ಕಟ್ಟು ಹಾಕಿದರು. ಚಿತ್ರ ಅಳಿಸಬೇಡಿ ಅಂತ ಡಾಕ್ಟರು ನನಗೆ ಹೇಳಿದರು, ಹಾಗಾಗಿ ಉಳಿಸಿಕೊಂಡಿದ್ದೇನೆ. ಮೊನ್ನೆ ಫೋನು ತಾನಾಗಿಯೇ ಹಳೆಯ ಫೋಟೊ ಜೋಡಿಸಿ, ಸಂಗೀತ ಹಾಕಿ, ‘ನಿಮ್ಮ ಸವಿನೆನಪುಗಳು’ ಅಂತ ತೋರಿಸಿತು. ಮದುವೆ ಊಟ, ಮೂಳೆ, ಗುಲಾಬಿ.

ನಿನ್ನೆ ಅಜ್ಜಿಯ ಬಟನ್ ಫೋನಿನಿಂದ ಕರೆ ಬಂತು.

“ಗುರುವಾರ ಕಟ್ಟು ಬಿಚ್ತಾರಂತೆ ಕಣಪ್ಪ. ಇನ್ನೊಂದು ಎಕ್ಸ್‌ರೇ ಬೇಕಂತೆ. ನಿಂಗೆ ಬಿಡುವು ಐತಾ?”