ಆನೆ ಸಹಿ ಹಾಕುವುದಿಲ್ಲ

ಮಹಿಳೆ, ಶಾಂತಿ, ಭದ್ರತೆ ಎಂಬ ಮೂರು ಪದಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ 1325ನೇ ನಿರ್ಣಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ್ದು 2000ದ ಅಕ್ಟೋಬರ್ 31ರಂದು, ಅಂದರೆ ನಾವಿಲ್ಲಿ ಮರುದಿನದ ರಾಜ್ಯೋತ್ಸವದ ಬಾವುಟಕ್ಕೆ ಹಗ್ಗ ಹುಡುಕುತ್ತಿದ್ದ ದಿನ. ಜಗಳ ನಿಲ್ಲಿಸುವ ಮಾತುಕತೆಯಲ್ಲಿ ಹೆಂಗಸರಿಗೂ ಕುರ್ಚಿ ಬೇಕೆಂಬುದು ಅದರ ತಾತ್ಪರ್ಯಗಳಲ್ಲಿ ಒಂದು. ಕುರ್ಚಿ ಎಷ್ಟು ಬಂದಿತೆಂದರೆ, 1992ರಿಂದ 2019ರವರೆಗಿನ ಪ್ರಮುಖ ಶಾಂತಿ ಮಾತುಕತೆಗಳಲ್ಲಿ ಸಂಧಾನಕಾರರ ಪೈಕಿ ಮಹಿಳೆಯರು ಶೇ. 13, ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಶೇ. 6. ಕುರ್ಚಿ ಸಾಲದಾದಾಗ ಹಣ ಬಂದಿತು. 2016ರಲ್ಲಿ ಮಹಿಳೆಯರ ಶಾಂತಿ ಕಾರ್ಯಕ್ಕೆಂದೇ ಒಂದು ನಿಧಿ, 2019ರಲ್ಲಿ ಶಾಂತಿಪಾಲನೆಗೆ ಹೋಗುವ ಸಮವಸ್ತ್ರದ ಮಹಿಳೆಯರಿಗೆಂದು ಎಲ್ಸಿ ಹೆಸರಿನ ಇನ್ನೊಂದು ನಿಧಿ. ಹಣದ ಹಿಂದೆಯೇ ಅರ್ಜಿ ನಮೂನೆಯೂ ಬಂದಿತು, ನಾನು ಹೇಳಹೊರಟದ್ದು ಆ ನಮೂನೆಯ ವಿಷಯವನ್ನು.

ಶಾಂತಿಪಾಲನೆ ಕೊಡಗಿಗೆ ಹೊಸದಲ್ಲ. ಮಡಿಕೇರಿಯ ಜನರಲ್ ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್‌ಗೆ ಹೋಗಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸಿದರು, ಮರುವರ್ಷದ ಡಿಸೆಂಬರಿನಲ್ಲಿ ಆ ಹೊಣೆಯಲ್ಲಿರುವಾಗಲೇ ಅಲ್ಲಿ ತೀರಿಕೊಂಡರು. ಅವರು ಹುಟ್ಟಿದ ಸನ್ನಿಸೈಡ್ ಮನೆ ಇಂದು ಮ್ಯೂಸಿಯಂ ಆಗಿದೆ. ಅಲ್ಲಿ ಅವರ ಬದುಕಿನ ವಸ್ತುಗಳನ್ನು ನೋಡಿಬಂದ ನನಗೆ ಗುರಿ, ಚಟುವಟಿಕೆ, ಫಲಿತಾಂಶಗಳನ್ನು ಚೌಕದಲ್ಲಿ ತುಂಬಿ ದಾನಿಗಳಿಗೆ ಒಪ್ಪಿಸುವ ಲಾಗ್‌ಫ್ರೇಮ್ ಎಂಬ ಕಾಗದ ಮಾತ್ರ ಎಲ್ಲಿಯೂ ಕಾಣಿಸಲಿಲ್ಲ. ಗ್ರೀಕರನ್ನೂ ತುರ್ಕರನ್ನೂ ಅದಿಲ್ಲದೆ ಹೇಗೆ ಸಂಭಾಳಿಸಿದರೋ, ಆಶ್ಚರ್ಯ.

ಸಿದ್ದಾಪುರದ ಕಡೆಯ ನಮ್ಮೂರಿನ ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ, ಮಹಿಳೆಯರ ಶಾಂತಿ ಕಾರ್ಯಕ್ಕೆಂದು ವಿದೇಶಿ ಸಂಸ್ಥೆಯೊಂದು ಕೊಡುವ ಇಂಥದೇ ಅನುದಾನದ ಸುದ್ದಿ ಮುಟ್ಟಿಸಿದ ಪಾಪ ನನ್ನದೇ. ಅವರಲ್ಲಿ ಹೆಚ್ಚಿನವರು ಲೈನ್‌ಮನೆಗಳಲ್ಲಿರುವವರು, ತೋಟದಲ್ಲಿ ಕಾಫಿ ಕೊಯ್ಯುವವರು. ಬೆಳಿಗ್ಗೆ ಐದೂವರೆಗೆ ಎದ್ದು, ರಾತ್ರಿ ಆನೆ ಯಾವ ತೋಟದಲ್ಲಿ ತಂಗಿದೆ, ಬೇಲಿ ಎಲ್ಲಿ ಮುರಿದಿದೆ, ಶಾಲೆಯ ಮಕ್ಕಳು ಯಾವ ದಾರಿಯಲ್ಲಿ ನಡೆಯಬೇಕು ಎಂಬುದನ್ನು ಇವರು ಒಬ್ಬರಿಗೊಬ್ಬರು ಫೋನು ಮಾಡಿ ತಿಳಿಸದಿದ್ದರೆ ಊರು ಬಾಗಿಲು ತೆರೆಯುವುದಿಲ್ಲ. ಒಬ್ಬನು ತನ್ನ ತೋಟದಿಂದ ಪಟಾಕಿ ಹೊಡೆದು ಅಟ್ಟಿದ ಆನೆ ಪಕ್ಕದವನ ಬಾಳೆ ತುಳಿದು, ಇಬ್ಬರೂ ಕತ್ತಿ ಹಿಡಿದು ನಿಂತಾಗ ನಡುವೆ ಹೋಗುವವರೂ ಇವರೇ. ಇದಕ್ಕೆ ಭದ್ರತೆ, ಶಾಂತಿ ಎಂಬ ಹೆಸರುಗಳಿವೆಯೆಂದು ಯಾರಾದರೂ ಹೇಳಿದ್ದರೆ ಅವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ನಮೂನೆಯ ಮೂರನೆಯ ಪ್ರಶ್ನೆ, ನಿಮ್ಮ ಪ್ರದೇಶದ ಸಂಘರ್ಷದ ಸ್ವರೂಪವೇನು ಎಂದಿತ್ತು. ಕಾರ್ಯದರ್ಶಿ ಅಕ್ಕ ತಡಮಾಡದೆ "ಆನೆ" ಎಂದು ಬರೆಸಿದರು. ಅರಣ್ಯ ಇಲಾಖೆಯ ಬೋರ್ಡಿನಲ್ಲಿಯೇ ಮಾನವ–ವನ್ಯಜೀವಿ ಸಂಘರ್ಷ ಎಂದಿರುವಾಗ ಅದರಲ್ಲಿ ತಪ್ಪೇನೂ ಇರಲಿಲ್ಲ. ವಾರದ ಬಳಿಕ ಬಂದ ಮರುಪ್ರಶ್ನೆಯ ಸಾರಾಂಶವಿಷ್ಟು: ಸಂಘರ್ಷವೆಂದರೆ ಕನಿಷ್ಠ ಎರಡು ಪಕ್ಷಗಳಿರಬೇಕು, ಎರಡೂ ಮಾತುಕತೆಗೆ ಬಂದು ಒಪ್ಪಂದಕ್ಕೆ ಸಹಿ ಹಾಕಲು ಶಕ್ತವಾಗಿರಬೇಕು, ಆದ್ದರಿಂದ ಎರಡನೆಯ ಪಕ್ಷವನ್ನು ಸ್ಪಷ್ಟಪಡಿಸಿರಿ. "ಆನೆ ಸಹಿ ಹಾಕುವುದಿಲ್ಲ ಅಂತ ಬರೀರಿ ಸಾರ್, ನಮ್ಮೆಜಮಾನ್ರೂ ಹಾಕಲ್ಲ, ಹೆಬ್ಬೆಟ್ಟು" ಎಂದರು ಅಕ್ಕ. ನಾನು ಬರೆಯಲಿಲ್ಲ.

ಶಸ್ತ್ರಾಸ್ತ್ರಗಳ ಲಭ್ಯತೆ ಎಂಬ ಕಾಲಂ ಮಾತ್ರ ನಮ್ಮ ಕೈ ಹಿಡಿಯಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರ ಆದೇಶದಂತೆ ಅದು 2029ರವರೆಗೆ ಮುಂದುವರಿದಿದೆ ಎಂದು ಬರೆದದ್ದೇ ತಡ, ಅತ್ತ ಕಡೆಯವರ ಉತ್ಸಾಹ ಉಕ್ಕಿತು. ಆದರೆ ಈ ಕೋವಿಗಳನ್ನು ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುತ್ತಾರೆ, ಮನೆಯಲ್ಲಿ ಸಾವಾದರೆ ಗಾಳಿಗೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ ಎಂದು ಪ್ರಾಮಾಣಿಕವಾಗಿ ವಿವರಿಸಿದ ಮೇಲೆ ಆ ಉತ್ಸಾಹ ಇಳಿಯಿತು. ಶಾಂತಿಯ ಹಣಕ್ಕೆ ನಾವು ಸಾಕಷ್ಟು ಅಶಾಂತರಾಗಿರಲಿಲ್ಲ.

ಅಷ್ಟಾದರೂ ಹಣ ಮಂಜೂರಾಗಿದ್ದರೆ ಬರುವ ದಾರಿ ಯಾವುದು? ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಂತೆ ಇಂಥ ಹಣ ಮೊದಲು ಇಳಿಯಬೇಕಾದದ್ದು ನವದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ. ಸಿದ್ದಾಪುರದ ಬ್ಯಾಂಕಿಗೆ ಹೋಗಲು ಅರ್ಧ ದಿನದ ಕೂಲಿ ಬಿಡುವ ಅಕ್ಕಂದಿರು ದೆಹಲಿಯಲ್ಲಿ ಖಾತೆಯುಳ್ಳವರಾಗುವ ಯೋಗವಿದು. ಆ ಯೋಗಕ್ಕೂ ಮುನ್ನ ಕಾಯ್ದೆಯಡಿ ನೋಂದಣಿಯಾಗಬೇಕು, ನೋಂದಣಿಗೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯನ್ನು ಸಮಾಜಸೇವೆಗೆ ಖರ್ಚು ಮಾಡಿರಬೇಕು. ವಾರಕ್ಕಿಷ್ಟೆಂದು ಉಳಿಸುವ ಸಂಘದ ಪಾಸ್‌ಬುಕ್ಕನ್ನು ಅಕ್ಕ ಮತ್ತೊಮ್ಮೆ ತಿರುವಿ ನೋಡಿದರು, ಯಾವುದಾದರೂ ಪುಟಕ್ಕೆ ಪುಟ ಅಂಟಿಕೊಂಡಿದೆಯೇನೋ ಎಂಬಂತೆ.

ನೋಂದಣಿಯಿದ್ದ ದೊಡ್ಡ ಸಂಸ್ಥೆಯೊಂದು ಬೆಂಗಳೂರಿನಿಂದ ನಮ್ಮನ್ನು ಹುಡುಕಿಕೊಂಡು ಬಂದಿತು. ಅದಕ್ಕೆ ಅನುದಾನ ದಕ್ಕಿತ್ತು, ಆದರೆ ಅದೇ ತಿದ್ದುಪಡಿಯ ಪ್ರಕಾರ ಬಂದ ಹಣವನ್ನು ಇನ್ನೊಂದು ಸಂಘಕ್ಕೆ ದಾಟಿಸುವಂತಿರಲಿಲ್ಲ. ಹಣ ಕೊಡಲಾಗದವರು ತರಬೇತಿ ಕೊಡುತ್ತಾರೆ. ತರಬೇತಿಗೆ ರೆಸಾರ್ಟೇ ಏಕೆ, ಮಾರ್ಚ್ ತಿಂಗಳೇ ಏಕೆ ಎಂದು ಕೇಳಬಾರದು. ಮಾರ್ಚಿನಲ್ಲಿ ಕಾಫಿ ಹೂ ಬಿಡುತ್ತದೆ.

ಶಾಂತಿ ಪ್ರಕ್ರಿಯೆಯಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆ ಎಂಬ ಬ್ಯಾನರಿನ ಕೆಳಗೆ ಏಳು ಕುರ್ಚಿಗಳಿದ್ದವು, ಏಳರಲ್ಲಿಯೂ ಮೀಸೆಗಳಿದ್ದವು. ಸ್ವಾಗತಕ್ಕೂ ವಂದನಾರ್ಪಣೆಗೂ ನಡುವೆ ಹೂಗುಚ್ಛದ ತಟ್ಟೆ ಹಿಡಿದು ಇಬ್ಬರು ಅಕ್ಕಂದಿರು ವೇದಿಕೆಗೆ ಹೋಗಿಬಂದದ್ದನ್ನು ಫೋಟೋದವನು ಮೂರು ಕೋನಗಳಿಂದ ಹಿಡಿದಿದ್ದರಿಂದ ಪಾಲ್ಗೊಳ್ಳುವಿಕೆಗೆ ದಾಖಲೆಯ ಕೊರತೆಯಾಗಲಿಲ್ಲ. 2007ರಲ್ಲಿ ಭಾರತವು ಲೈಬೀರಿಯಾಕ್ಕೆ ಕಳುಹಿಸಿದ ಪೊಲೀಸ್ ತುಕಡಿ ಪೂರ್ತಿ ಮಹಿಳೆಯರದೆಂದೂ, ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅಂಥದ್ದು ಅದೇ ಮೊದಲೆಂದೂ ಮೂರನೆಯ ಭಾಷಣಕಾರರು ಹೇಳಿದಾಗ ಮಾತ್ರ ಹಿಂದಿನ ಸಾಲುಗಳು ಎಚ್ಚೆತ್ತು ಕುಳಿತವು. ಅವರಿಗೆ ಮನೆಯವರು ಹೇಗೆ ಬಿಟ್ಟರು, ಮಕ್ಕಳನ್ನು ಯಾರು ನೋಡಿಕೊಂಡರು ಎಂದು ಒಬ್ಬಾಕೆ ಎದ್ದು ಕೇಳಿದಳು. ಇಡೀ ದಿನದಲ್ಲಿ ಕೇಳಿದ ಒಂದೇ ಒಳ್ಳೆಯ ಪ್ರಶ್ನೆ ಅದು. ಪ್ರಶ್ನೋತ್ತರಕ್ಕೆ ಊಟದ ನಂತರ ಸಮಯವಿದೆ ಎಂದು ನಿರೂಪಕರು ಆಕೆಯನ್ನು ಕೂರಿಸಿದರು.

ಊಟದ ನಂತರ ಸಮಯವಿರಲಿಲ್ಲ. ಮೂರೂವರೆಯ ಹೊತ್ತಿಗೆ ಕಾರ್ಯದರ್ಶಿ ಅಕ್ಕನ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಮರಿಯೊಂದಿಗೆ ನಾಲ್ಕು ಆನೆಗಳು ರೆಸಾರ್ಟಿನ ಗೇಟಿನಾಚೆಯ ತಿರುವಿನಲ್ಲಿ ರಸ್ತೆಗೆ ಇಳಿದಿದ್ದವು. ಅಕ್ಕ ನಾಲ್ಕು ಕಡೆಗೆ ಮಾತಾಡಿ, ತೋಟದೊಳಗಿನ ಮಣ್ಣುದಾರಿಯಲ್ಲಿ ಮೊದಲು ಅತಿಥಿಗಳ ಕಾರುಗಳನ್ನು, ಆಮೇಲೆ ತಮ್ಮವರ ಜೀಪುಗಳನ್ನು ದಾಟಿಸಿದರು. ಅದಕ್ಕೂ ಮುನ್ನ, ಶಾಂತಿಯ ಕುರಿತು ನಿಮ್ಮ ಅರಿವು ಒಂದರಿಂದ ಐದರಲ್ಲಿ ಎಷ್ಟು ಹೆಚ್ಚಿತು ಎಂಬ ಕಾಗದಕ್ಕೆ ಎಲ್ಲರೂ ಐದು ಗುರುತು ಹಾಕಿದ್ದರು, ಹಾಕದೆ ಬ್ಯಾಗು ಕೊಡುತ್ತಿರಲಿಲ್ಲ.

ಮೂರು ತಿಂಗಳ ಬಳಿಕ ವರದಿಯ ಪ್ರತಿ ನನ್ನ ಕೈ ಸೇರಿತು. ಬಂದಿದ್ದವರು ಇಪ್ಪತ್ತೊಂದು ಮಂದಿ, ವರದಿಯಲ್ಲಿರುವ ಫಲಾನುಭವಿಗಳು ನಲವತ್ತೆರಡು, ಬೆಳಿಗ್ಗೆಯೂ ಮಧ್ಯಾಹ್ನವೂ ಸಹಿ ಮಾಡಿಸಿದ್ದರಲ್ಲ. ಆನೆಗೂ ಕೊನೆಗೆ ಜಾಗ ಸಿಕ್ಕಿತ್ತು, ಅನಿರೀಕ್ಷಿತ ಅಪಾಯಗಳು ಎಂಬ ಪಟ್ಟಿಯಲ್ಲಿ. ಅದರ ಮುಂದಿನ ಮನೆಯಲ್ಲಿ ಪರಿಹಾರ ಕ್ರಮವೆಂದು "ಸ್ಥಳೀಯ ಮಹಿಳೆಯರ ಮಾಹಿತಿ ಜಾಲವನ್ನು ಬಳಸಿಕೊಳ್ಳಲಾಯಿತು" ಎಂದು ಬರೆದು, ಅದರ ಪಕ್ಕದ ವೆಚ್ಚದ ಮನೆಯಲ್ಲಿ ಸೊನ್ನೆ ಹಾಕಿದ್ದರು.