ಹೆಸರೇ ಹೇಳದ ಕಾಯಿಲೆಗೆ ಡ್ರಿಪ್ ಹಾಕೋದು ಹೇಗೆ?

ಅಮೆರಿಕಕ್ಕೆ ಬಂದು ಹದಿನಾರು ವರ್ಷವಾಯ್ತು. ಪಕ್ಕದ ಮನೆಯ ಅಜ್ಜಿಗೆ ಎರಡು ವಾರಕ್ಕೊಮ್ಮೆ ಲೆಕನೆಮ್ಯಾಬ್ ಎಂಬ ಔಷಧಿ ಹಾಕಿಸಬೇಕು, ಮರೆವಿನ ಕಾಯಿಲೆ ಅಲ್ಜೈಮರ್‌ಗೆ. ಅವರ ಮಗನಿಗೆ ಬಿಡುವಿಲ್ಲದಿದ್ದಾಗ ನಾನೇ ಕರೆದುಕೊಂಡು ಹೋಗುತ್ತೇನೆ. ಒರಗು ಕುರ್ಚಿ, ಕೈಗೆ ಡ್ರಿಪ್, ಸುಮಾರು ಒಂದು ಗಂಟೆ. ಶುರು ಮಾಡುವ ಮೊದಲು ನರ್ಸ್ ಕೇಳುತ್ತಾರೆ: ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ, ನಡೆಯುವಾಗ ತೂರಾಡುತ್ತಾ? ಕೇಳುವುದು ಅಜ್ಜಿಯನ್ನು, ನನ್ನನ್ನಲ್ಲ. ಅವರ ಪರ್ಸಿನಲ್ಲಿ ಸದಾ ಒಂದು ಕಾರ್ಡು ಇರುತ್ತದೆ, ಈ ಔಷಧಿ ನಡೀತಿದೆ ಅಂತ. ಇದರಿಂದ ಆಗುವ ಮಿದುಳಿನ ಊತ ಕೆಲವೊಮ್ಮೆ ಲಕ್ವದ ಹಾಗೆಯೇ ಕಾಣುತ್ತದೆ. ಗೊತ್ತಿಲ್ಲದ ಡಾಕ್ಟರು ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಮಿದುಳಲ್ಲಿ ರಕ್ತ ಸುರಿದು ಜೀವವೇ ಹೋಗಬಹುದು.

ಆ ಕಾರ್ಡು ನೋಡಿದಾಗಲೆಲ್ಲ ನನಗೆ ದೊಡ್ಡಪ್ಪ ನೆನಪಾಗುತ್ತಾರೆ. ವಸೂಲಾದ ಸಾಲವನ್ನೇ ಇನ್ನೊಂದು ಸಲ ಕೇಳಲು ಹೋಗಿದ್ದರು. ಅರವತ್ತಕ್ಕೆ ಅರಳು ಮರಳು ಅಂತ ನಾವು ನಕ್ಕೆವು. ಎರಡು ವರ್ಷ ಬಿಟ್ಟು ಡಾಕ್ಟರು ಅಲ್ಜೈಮರ್ ಅಂದಾಗ ಅವರನ್ನು ಹೊರಗೆ ಕೂರಿಸಿದ್ದೆವು. ಮಾತ್ರೆ ನಿಶ್ಶಕ್ತಿಗೆ ಅಂತ ಹೇಳಿದೆವು. ಪ್ರೀತಿಯಿಂದಲೇ ಮಾಡಿದ್ದು, ಅದೂ ನಿಜ.

ಈ ಔಷಧಿಗೆ ನಮ್ಮ ಆ ದಾರಿ ಒಗ್ಗುವುದಿಲ್ಲ. ಮರೆವು ಇನ್ನೂ ಆರಂಭದಲ್ಲಿರುವಾಗಲೇ ಕೊಡಬೇಕು. ಈ ಕಾಯಿಲೆಯಲ್ಲಿ ಮಿದುಳಲ್ಲಿ ಕೂಡಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೊಟೀನ್ ಇದೆ ಅಂತ ಪೆಟ್ ಸ್ಕ್ಯಾನ್, ಬೆನ್ನುಹುರಿ ನೀರಿನ ಪರೀಕ್ಷೆಯಂಥದ್ದರಲ್ಲಿ ಗೊತ್ತಾಗಬೇಕು. ಆಮೇಲೆ ಮಿದುಳು ಊದಿದೆಯಾ ಅಂತ ನೋಡಲು ಮತ್ತೆ ಮತ್ತೆ ಎಂಆರ್‌ಐ. ಇಷ್ಟೆಲ್ಲ ಮಾಡಿ 'ಸುಮ್ನೆ ಶಕ್ತಿಗೆ' ಅನ್ನಲಾಗುತ್ತಾ?

ಸಿಗುವ ಲಾಭವೂ ಅಂಥ ದೊಡ್ಡದಲ್ಲ. 1795 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಕಾಯಿಲೆಯ ಓಟ ಶೇ. 27 ನಿಧಾನವಾಯ್ತು. ಕೇಳೋಕೆ ಜಾಸ್ತಿ ಅನಿಸುತ್ತೆ, ಅಲ್ವಾ? ನೆನಪು, ದಿನನಿತ್ಯದ ಕೆಲಸ ಹೇಗಿದೆ ಅಂತ ನೋಡುವ 18 ಅಂಕದ ಅಳತೆಯಲ್ಲಿ ಔಷಧಿ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 0.45. ಹೋದ ನೆನಪು ವಾಪಸ್ ಬರುವುದಿಲ್ಲ. ಔಷಧಿ ಪಡೆದವರಲ್ಲಿ ನೂರಕ್ಕೆ ಹನ್ನೆರಡು–ಹದಿಮೂರು ಮಂದಿಗೆ ಮಿದುಳು ಊದಿಕೊಂಡಿತ್ತು, ಹೆಚ್ಚಿನವರಿಗೆ ಅದು ಗೊತ್ತೂ ಆಗಲಿಲ್ಲ. ಬ್ರಿಟನ್ 2024ರ ಆಗಸ್ಟ್‌ನಲ್ಲಿ ಇದಕ್ಕೆ ಪರವಾನಗಿ ಕೊಟ್ಟಿತು. ಆದರೆ ಸರ್ಕಾರಿ ಖರ್ಚಿನಲ್ಲಿ ಕೊಡುವಷ್ಟು ಲಾಭವಿಲ್ಲ ಎಂಬ ಕರಡು ತೀರ್ಮಾನವೂ ಅದೇ ದಿನ ಬಂತು. ಇಂಥ ತಕ್ಕಡಿಯನ್ನು ಮಕ್ಕಳು ಗುಟ್ಟಾಗಿ ತೂಗುವುದು ನನಗಂತೂ ಸರಿಕಾಣುವುದಿಲ್ಲ. ಮಿದುಳು ಯಾರದೋ ಅವರೇ ತೂಗಬೇಕು.

ಹಾಗಂತ ಇಲ್ಲಿನದೆಲ್ಲ ಮೇಲು ಅಂತಲ್ಲ. ತಲೆನೋವು, ತಬ್ಬಿಬ್ಬು ಕಂಡ ತಕ್ಷಣ ಗಮನಿಸಲು ಜೊತೆಗೊಬ್ಬರು ಬೇಕು. ಅಜ್ಜಿ ಒಬ್ಬರೇ ಇರುವುದು. ದೊಡ್ಡಪ್ಪನ ಸುತ್ತ ಏಳು ಜನ ಇದ್ದೆವು. ಎಲ್ಲರೂ ನೋಡಿದ್ದೆವು, ಯಾರೂ ಬಾಯಿ ಬಿಡಲಿಲ್ಲ.

ಚಿಕಿತ್ಸೆಗೆ ಮುಂಚೆ ಅಜ್ಜಿಗೆ ಎಪಿಒಇ4 ಜೀನ್ ಪರೀಕ್ಷೆಯೂ ಆಗಿತ್ತು. ಅಲ್ಜೈಮರ್ ಬರುವ ಸಂಭವ ಹೆಚ್ಚಿಸುವ, ತಂದೆತಾಯಿಯಿಂದ ಮಕ್ಕಳಿಗೆ ಬರಬಹುದಾದ ಜೀನ್ ಅದು. ಅದರ ಎರಡು ಪ್ರತಿ ಇದ್ದವರಿಗೆ ಊತದ ಅಪಾಯ ಬಹಳ ಜಾಸ್ತಿ. ಅವರಲ್ಲಿ ಒಂದೇ ಇತ್ತು. ಮಗನಿಗೂ ಅದು ಬಂದಿರಬಹುದು. ಅವನು ಪರೀಕ್ಷೆ ಮಾಡಿಸಿಕೊಂಡಿಲ್ಲ. ಅಜ್ಜಿಯೂ ಕೇಳಿಲ್ಲ.