ಹಾಜರಿ ಮೇಸ್ತ್ರಿಯ ಕಿಸೆಯಲ್ಲಿ, ಹೊಣೆ ಯಾರ ಮೇಲೆ?

ಶಹಾಪುರ, ಸುರಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋದವರಿಗೆ ಕಂಪನಿಯ ಪರಿಚಯ ಗೇಟಿನ ಬೋರ್ಡಿನಷ್ಟೇ. ಕರೆದೊಯ್ದವನು ಊರಿನ ಮೇಸ್ತ್ರಿ. ಅವನ ಮೇಲೊಬ್ಬ ಗುತ್ತೇದಾರ, ಅವನ ಮೇಲಿನ್ನೊಬ್ಬ, ಆಮೇಲೆ ಕಂಪನಿ. ವಾರಕ್ಕೊಮ್ಮೆ ಖರ್ಚಿ, ಅಂದರೆ ಕೈಖರ್ಚಿನ ಮುಂಗಡ, ಕೈಗೆ ಬರುತ್ತದೆ, ಬಾಕಿ ಲೆಕ್ಕ ಹಬ್ಬಕ್ಕೆ ಊರಿಗೆ ಹೊರಟಾಗ. ಮುಳುಗುವುದು ಆ ಬಾಕಿಯೇ.

ಕಾನೂನಿಲ್ಲ ಅಂತಲ್ಲ. ಗುತ್ತೇದಾರ ಕೂಲಿ ಕೊಡದಿದ್ದರೆ ಮೂಲ ಕಂಪನಿಯೇ ಕೊಟ್ಟು, ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಬಟವಾಡೆಯ ಹೊತ್ತಿಗೆ ಕಂಪನಿಯ ಪ್ರತಿನಿಧಿ ಎದುರಿಗಿರಬೇಕಿತ್ತು. 2025ರ ನವೆಂಬರ್ 21ರಂದು ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಕೂಲಿಯ ಹೊಣೆ ಉಳಿದಿದೆ. ಆದರೆ ಗುತ್ತೇದಾರ ಲೈಸೆನ್ಸು ಪಡೆಯಲೇಬೇಕಾದ 20 ಜನರ ಮಿತಿ 50ಕ್ಕೆ ಏರಿದೆ. ಮೂವತ್ತು ಜನರ ಗ್ಯಾಂಗು ಕಟ್ಟಿಕೊಂಡ ಮೇಸ್ತ್ರಿಗೆ ಇನ್ನು ಆ ಗೊಡವೆಯೇ ಇಲ್ಲ.

ನಾನಿರುವ ಜರ್ಮನಿಯಲ್ಲಿ ಕೆಲಸ ಎಷ್ಟು ಕೈ ದಾಟಿದ್ದರೂ ಕನಿಷ್ಠ ಕೂಲಿಗೆ ಮುಖ್ಯ ಗುತ್ತಿಗೆ ಕಂಪನಿ ಜಾಮೀನುದಾರನಂತೆ ಹೊಣೆ. ಮೊದಲು ಕೆಳಗಿನ ಗುತ್ತೇದಾರನ ಮೇಲೆ ದಾವೆ ಹೂಡಬೇಕೆಂದಿಲ್ಲ. ಕೆಲಸ ಹಿಡಿದ, ಬಿಟ್ಟ ಹೊತ್ತನ್ನು ಏಳು ದಿನದೊಳಗೆ ಬರೆದು, ಎರಡು ವರ್ಷ ಇಡಬೇಕು. ಹಾಗಾಗಿ ಬಿಲ್ಲು ಪಾಸು ಮಾಡುವ ಮುಂಚೆ ಕೂಲಿ ಕೊಟ್ಟ ಕಾಗದ ಕೇಳುತ್ತಾರೆ. ದಯೆಯಿಂದಲ್ಲ, ತಮ್ಮ ಗಂಟಿಗೆ ಬಂದೀತೆಂಬ ಭಯದಿಂದ. ಅಲ್ಲೂ ತೂತಿದೆ. ಬರ್ಲಿನ್ನಿನ ಮಾಲೊಂದರಲ್ಲಿ ದುಡಿದ ರೊಮೇನಿಯಾದವನ ಮೊಕದ್ದಮೆಯಲ್ಲಿ ಮುಖ್ಯ ಗುತ್ತಿಗೆ ಕಂಪನಿ ದಿವಾಳಿಯಾಗಿತ್ತು. ಕಟ್ಟಿಸಿದವನು ಹೊಣೆಯಲ್ಲವೆಂದು 2019ರಲ್ಲಿ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ ಹೇಳಿತು.

ನಮ್ಮಲ್ಲಿ ಕೊರತೆ ಪುರಾವೆಯದು. ಬಿಲ್ಲಿನ ಅಳತೆ ಸೆಂಟ್ರಿಂಗಿಗೆ ಚದರ ಮೀಟರು, ಕಬ್ಬಿಣಕ್ಕೆ ಟನ್ನು. ಗುತ್ತೇದಾರನ ಬಿಲ್ಲಿನಲ್ಲಿ ಮನುಷ್ಯರೇ ಇರುವುದಿಲ್ಲ. ಬಂದ ಮೊತ್ತವನ್ನು ಹೆಸರುಗಳಿಗೆ ಹಂಚಿ ಪಗಾರ ಪಟ್ಟಿಯನ್ನು ಆಮೇಲೆ ಹೊಂದಿಸುತ್ತಾರೆ. ಖಾತೆಗೆ ಹಾಕಿದರೂ ಎಟಿಎಂ ಕಾರ್ಡುಗಳ ಕಟ್ಟು ಮೇಸ್ತ್ರಿಯ ಹತ್ತಿರ. ನಗದಾಗಿ ಕೊಟ್ಟ ಖರ್ಚಿ ಲೆಕ್ಕದ ದಿನ ದುಪ್ಪಟ್ಟಾಗಿರುತ್ತದೆ.

ಆದ್ದರಿಂದ ಬಿಲ್ಲಿನಲ್ಲಿ ಕೂಲಿಯ ಭಾಗವನ್ನು ಬೇರೆ ತೋರಿಸಲಿ, ಅದು ಕಂಪನಿಯಿಂದ ನೇರ ಖಾತೆಗೆ ಹೋಗಲಿ. ಖರ್ಚಿಗೂ ಅದೇ ದಾರಿ, ಜೊತೆಗೆ ಕೂಲಿಕಾರನ ಕೈಗೊಂದು ಚೀಟಿ. ಗುಣಮಟ್ಟಕ್ಕೆಂದು ಬಿಲ್ಲಿನಲ್ಲಿ ಹಣ ತಡೆಹಿಡಿಯುವವರು ಒಂದು ತಿಂಗಳ ಕೂಲಿಯಷ್ಟನ್ನೂ ತಡೆಹಿಡಿಯಬಹುದು. ಗ್ಯಾಂಗಿನ ಲೆಕ್ಕ ತೀರಿದ ಮೇಲೆ ಬಿಡಲಿ. ಹಾಜರಿ ಇಡುವುದು ಕಷ್ಟ ಅನ್ನುವ ಕಂಪನಿಗಳ ದೊಡ್ಡ ಸೈಟುಗಳ ಗೇಟಿನಲ್ಲಿ ಮುಖ ಗುರುತಿಸುವ ಯಂತ್ರ ಈಗಾಗಲೇ ಇದೆ. ಅದರ ಪಟ್ಟಿ ಸೆಕ್ಯುರಿಟಿಯವರ ಹತ್ತಿರವೇ ಉಳಿಯುತ್ತದೆ, ಬಿಲ್ಲು ಪಾಸು ಮಾಡುವವರ ಮೇಜಿಗೆ ಬರುವುದಿಲ್ಲ.